ಸಾಲು ಕೊಡುತ್ತಿದ್ದ ಶಟ್ಟೆವ್ವ

ಕಟಕೋಳದ ನಮ್ಮ ಕ್ರೈಸ್ತ ಸಭೆಯಲ್ಲಿ ಭಾನುವಾರ ಅರವತ್ತು ಜನ ಕೂಡುತ್ತೇವೆ. ಅವರಲ್ಲಿ ಹಾಡಿನ ಪುಸ್ತಕ ಓದಬಲ್ಲವರು ಹದಿನೈದು ಜನ ಇದ್ದರೆ ಹೆಚ್ಚು. ಅದಕ್ಕೇ ಹಿಂದಿನಿಂದ ಒಂದು ರೂಢಿ ಇದೆ. ಒಬ್ಬರು ಒಂದು ಸಾಲು ಹಾಡಿಕೊಡುತ್ತಾರೆ, ಉಳಿದವರು ಅದನ್ನು ತಿರುಗಿ ಹಾಡುತ್ತಾರೆ. ಮೂವತ್ತೊಂದು ವರ್ಷ ಹಾಗೆ ಸಾಲು ಕೊಟ್ಟವಳು ಶಟ್ಟೆವ್ವ.

ಅವಳಿಗೂ ಓದು ಬಾರದು. ಮದುವೆಯಾಗಿ ಬೈಲಹೊಂಗಲದ ಕಡೆಯಿಂದ ಬಂದಾಗ ಅತ್ತೆ ಶೇಂಗಾ ಹೊಲದಲ್ಲಿ ಕಳೆ ಕೀಳುತ್ತ ಹಾಡು ಕಲಿಸಿದಳು. ಹೊಲದ ಆ ತುದಿ ಮುಟ್ಟುವುದರೊಳಗೆ ಒಂದು ಚರಣ ಬಾಯಿಗೆ ಬರಬೇಕು, ಬರದಿದ್ದರೆ ಮತ್ತೆ ಮೊದಲಿನಿಂದ. ಅತ್ತೆ ತೀರಿಕೊಂಡ ಮೇಲೆ ಸಾಲು ಕೊಡುವ ಕೆಲಸ ಇವಳಿಗೆ ಬಂತು. ಮೈಕು ಬೇಕಾಗುತ್ತಿರಲಿಲ್ಲ.

ಹೋದ ವರ್ಷ ಗಂಟಲಲ್ಲಿ ಗಂಟಾಯಿತು. ಬೆಳಗಾವಿಗೆ ಹೋಗಿ ತೆಗೆಸಿದರು. ದನಿ ಮೊದಲಿನಂತೆ ಬರಲಿಕ್ಕಿಲ್ಲ ಎಂದು ಡಾಕ್ಟರು ಮುಂಚೆಯೇ ಹೇಳಿದ್ದರು, ಹಾಗೇ ಆಯಿತು. ಉಳಿದದ್ದು ಪಿಸುಮಾತು. ಶಟ್ಟೆವ್ವ ಸಭೆಗೆ ಬರುವುದನ್ನೇ ಬಿಟ್ಟಳು. ಭಾನುವಾರ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಯಾವುದೋ ಊರಿನ ಆರಾಧನೆ ಕೇಳುತ್ತ ಒಬ್ಬಳೇ ಪ್ರಾರ್ಥನೆ ಮಾಡುತ್ತಿದ್ದಳು. ನಾನು ಸಭೆ ಮುಗಿಸಿ ಬರುವಾಗ ಅವಳ ಪಕ್ಕ ಸ್ವಲ್ಪ ಹೊತ್ತು ಕುಳಿತಿರುತ್ತಿದ್ದೆ.

"ದೇವರು ಇಲ್ಲೂ ಅದಾನವಾ," ಎಂದಳು ಒಂದು ದಿನ. "ಆದ್ರ ಫೋನಿಗೆ ನಾ ಆಮೆನ್ ಅಂದ್ರ ಅದಕ್ಕೇನ ಗೊತ್ತಾಗ್ತೈತಿ?"

ಅಷ್ಟರಲ್ಲಿ ಅವಳ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ಮಹಾನಂದಾ, ಒಳಗೆ ಬಂದಳು. ವಯಸ್ಸಿನಲ್ಲಿ ಹಿರಿಯಳು, ಬಾಯಿಯಲ್ಲಿ ಇನ್ನೂ ಹಿರಿಯಳು.

"ಏನವಾ, ಬಾಗಲಾ ಹಾಕ್ಕೊಂಡು ಒಬ್ಬಾಕೇ ಸ್ವರ್ಗಕ್ಕ ಹೊಂಟೀಯೇನ? ನಮ್ಮನ್ನ ಯಾರ ಮ್ಯಾಲ ಬಿಟ್ಟಿ?"

"ದನಿ ಇಲ್ಲಲ್ಲಕ್ಕಾ. ಅಲ್ಲಿ ಕುಂತು ಏನ ಮಾಡ್ಲಿ?"

"ಮೂವತ್ತು ವರ್ಷ ನಮ್ಮ ಕೆಟ್ಟ ದನಿ ನೀ ಕೇಳಲಿಲ್ಲೇನ? ಈಗೂ ಕುಂತು ಕೇಳು. ನನ್ನ ಸೊಸಿ ರಾಣಿ ಸಾಲು ಕೊಡಾಕ ಹತ್ತ್ಯಾಳ. ಪುಸ್ತಕ ಹಿಡಿದಳಂದ್ರ ಬುಲೆಟ್ ಗಾಡಿ ಬಿಟ್ಟಂಗ ಹೊಕ್ಕಾಳ!"

ಶಟ್ಟೆವ್ವ ನಕ್ಕಳು, ಆದರೆ ಬರುತ್ತೇನೆ ಎನ್ನಲಿಲ್ಲ.

ಬಂದದ್ದು ಸುಗ್ಗಿ ಸ್ತುತಿಯ ದಿನ. ಅಂದು ಮನೆಮನೆಯಿಂದ ಜೋಳದ ತೆನೆ, ಕುಂಬಳಕಾಯಿ, ಕಡಲೆ ಗಿಡ ತಂದು ವೇದಿಯ ಮುಂದೆ ಇಡುತ್ತೇವೆ. ಬೇಕಾದಾಗ ಎದ್ದು ಹೋಗಲು ಬರುವಂತೆ ಶಟ್ಟೆವ್ವ ಬಾಗಿಲ ಬಳಿಯೇ ಕುಳಿತಳು.

ರಾಣಿ ಸುಗ್ಗಿಯ ಹಾಡಿನ ಸಾಲು ಕೊಡತೊಡಗಿದಳು. ಮೂರನೆಯ ಸಾಲನ್ನು ಒಂದೇ ದಮ್ಮಿನಲ್ಲಿ ಹಾಡಿ ಮುಗಿಸಿದಳು. ಜನ ಮಾತ್ರ ಅರ್ಧಕ್ಕೆ ನಿಂತರು. ಅರವತ್ತೂ ಮಂದಿ ಒಟ್ಟಿಗೆ ಉಸಿರೆಳೆದುಕೊಂಡು ಮುಂದಿನ ಅರ್ಧ ಹಾಡಿದರು. ರಾಣಿ ಗಾಬರಿಯಾಗಿ ಪುಸ್ತಕ ನೋಡಿದಳು. ಅಲ್ಲಿ ನಿಲ್ಲುವ ಗುರುತೇನೂ ಇರಲಿಲ್ಲ. ಎರಡನೆಯ ಚರಣದಲ್ಲಿಯೂ ಹಾಗೇ ಆಯಿತು.

ಅದು ಶಟ್ಟೆವ್ವನ ಉಸಿರು. ಮೊದಲ ಸಲ ಈ ಹಾಡಿಗೆ ಸಾಲು ಕೊಟ್ಟಾಗ ಅವಳು ಎಂಟು ತಿಂಗಳ ಬಸುರಿ. ದಮ್ಮು ಸಾಲದೆ ನಡುವೆ ನಿಂತಿದ್ದಳು, ಮುಂದೆ ಅವಳಿಗೂ ಅದೇ ರೂಢಿಯಾಯಿತು. ಓದು ಬಾರದ ಜನ ಅದನ್ನೂ ಹಾಡೆಂದೇ ಕಲಿತರು. ಅಂದು ಹೊಟ್ಟೆಯಲ್ಲಿದ್ದ ಸಂದೀಪನಿಗೆ ಈಗ ಮೂವತ್ತೊಂದು ವರ್ಷ, ಅವನೂ ಅಲ್ಲಿಯೇ ಉಸಿರೆಳೆದುಕೊಳ್ಳುತ್ತಾನೆ. ಇಷ್ಟು ವರ್ಷ ಜನರಿಗೆ ಬೆನ್ನು ಮಾಡಿ ಹಾಡಿದ ಶಟ್ಟೆವ್ವ ಅದನ್ನು ಗಮನಿಸಿರಲೇ ಇಲ್ಲ. ಸೆರಗು ಬಾಯಿಗೆ ಹಿಡಿದುಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ.

ರಾಣಿ ಹಾಡು ನಿಲ್ಲಿಸಿ ನೇರ ಬಾಗಿಲ ಬಳಿ ಬಂದಳು.

"ಸಣ್ಣತ್ತಿ, ಇವ್ರು ಎಲ್ಲೆಲ್ಲಿ ನಿಲ್ತಾರ ನನಗೊಂದೂ ತಿಳಿವಲ್ದು. ಮುಂದ ಬರ್ರಿ."

"ನನ್ನ ದನಿ..."

"ದನಿ ನಂದ ಐತಿ. ನೀವು ಕೈ ಎತ್ತಿ ತೋರಸ್ರಿ ಸಾಕು."

ಶಟ್ಟೆವ್ವ ಎದ್ದು ಜಮಖಾನೆಯ ಮೇಲೆ ಕುಳಿತವರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದಳು.

ಅಂದಿನಿಂದ ಒಂದು ಭಾನುವಾರವೂ ತಪ್ಪಿಸಿಲ್ಲ. ಈಗ ಜನರ ಕಡೆ ಮುಖ ಮಾಡಿ ಕೂರುತ್ತಾಳೆ. ರಾಣಿ ಹಾಡುತ್ತಾಳೆ, ಇವಳು ಕೈ ಎತ್ತುತ್ತಾಳೆ, ರಾಣಿಯೂ ನಾವೂ ಉಸಿರಿಗೆ ನಿಲ್ಲುತ್ತೇವೆ. ಕಳೆದ ವಾರ ಮಹಾನಂದಾ ಕೈ ನೋಡದೆ ಒಬ್ಬಳೇ ಮುಂದೆ ಹಾಡಿಬಿಟ್ಟಳು. ಶಟ್ಟೆವ್ವ ನೋಡಿದ ನೋಟಕ್ಕೆ ಅವಳು ಆ ಸಾಲನ್ನು ಮೊದಲಿನಿಂದ ಹಾಡಬೇಕಾಯಿತು.