ಕಿವಿಯಕ್ಕ ಮೂರನೇ ಸಲ ಕೇಳಿದ್ದು

ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಕೂತವರಿಗೆ ಕಣ್ಣಿಗೂ ಕೈಗೂ ಪುರಸೊತ್ತಿರುವುದಿಲ್ಲ, ಕಿವಿ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಖಾಲಿ. ಯಾರದೋ ಬೊಚ್ಚು ಬಾಯಿಯ ಅಚ್ಚು ಎದುರಿಗಿರುತ್ತದೆ. ಅದರ ಮೇಲೆ ಮೇಣ ಕೂರಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ನೆಡಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಆ ಮನುಷ್ಯ ಉಣ್ಣುವಾಗಲೆಲ್ಲ ಶಪಿಸುತ್ತಾನೆ. ಹತ್ತು ವರ್ಷದ ಹಿಂದೆ ಈ ಕೆಲಸಕ್ಕೆ ಸೇರಿದ ಹುಡುಗಿ ಖಾಲಿ ಕಿವಿಗೆ ಒಂದು ಕೆಲಸ ಹುಡುಕಿಕೊಂಡಳು. ಹೊಸ ಹಾಡು. ಅದೂ ಎಂಥದ್ದು, ಬೀದಿಯಲ್ಲಿ ಹತ್ತು ಜನರನ್ನು ನಿಲ್ಲಿಸಿ ಹೆಸರು ಹೇಳಿದರೆ ಹತ್ತೂ ಜನ ‘ಯಾರದು?’ ಎನ್ನಬೇಕು, ಅಂಥ ಬ್ಯಾಂಡುಗಳದು. ಗ್ಯಾರೇಜಿನಲ್ಲಿ, ಹಾಸ್ಟೆಲ್ ರೂಮಿನಲ್ಲಿ, ಬಾಗಿಲು ಹಾಕಿದ ಅಂಗಡಿಯೊಳಗೆ ತಾವೇ ರೆಕಾರ್ಡ್ ಮಾಡಿ, ತಾವೇ ಇಂಟರ್ನೆಟ್ಟಿಗೆ ಹಾಕಿ, ಯಾರಾದರೂ ಕೇಳಿಯಾರೇ ಎಂದು ಬಾಯಿಬಿಟ್ಟು ಕೂತಿರುವವರದು.

ಅವರನ್ನು ಹುಡುಕಲು ಅವಳದೇ ಒಂದು ಉಪಾಯವಿತ್ತು. ಆಲ್ಬಮ್ಮಿನ ಕೆಳಗೆ ಸಣ್ಣಕ್ಷರದಲ್ಲಿ ‘ಇವರಿಗೆ ಧನ್ಯವಾದ’ ಎಂಬ ಪಟ್ಟಿ ಇರುತ್ತದಲ್ಲ, ಯಾರೂ ಓದದ್ದು, ಅದನ್ನು ಅವಳು ಓದುತ್ತಿದ್ದಳು. ಆಂಪ್ಲಿಫೈಯರ್ ಎರವಲು ಕೊಟ್ಟವನು, ಡ್ರಮ್ ಇಡಲು ಮಹಡಿ ಬಿಟ್ಟುಕೊಟ್ಟ ಚಿಕ್ಕಮ್ಮ, ಮಿಕ್ಸಿಂಗ್ ಮಾಡಿದ ಗೆಳತಿ. ಆಂಪ್ಲಿಫೈಯರ್ ಇಟ್ಟುಕೊಂಡವನಿಗೆ ಒಂದು ಬ್ಯಾಂಡ್ ಇಲ್ಲದೆ ಇದ್ದೀತೆ? ಆ ಹೆಸರು ಹಿಡಿದು ಹೋದರೆ ಇನ್ನೊಂದು ಬ್ಯಾಂಡು, ಅದರ ಪಟ್ಟಿಯಿಂದ ಮತ್ತೊಂದು. ಹೀಗೆ ಸಿಕ್ಕಿದವುಗಳಲ್ಲಿ ವಾರಕ್ಕೆ ಐದನ್ನು ಆರಿಸಿ, ಒಂದೊಂದಕ್ಕೆ ನಾಲ್ಕು ಸಾಲು ಬರೆದು ಗುರುವಾರ ಬೆಳಗ್ಗೆ ಗೊತ್ತಿದ್ದವರಿಗೆಲ್ಲ ಕಳಿಸುತ್ತಿದ್ದಳು. ಮೊದಲ ವಾರ ಹನ್ನೊಂದು ಜನ, ಅವರಲ್ಲಿ ಮೂವರು ಸಂಬಂಧಿಕರು. ಒಂಬತ್ತು ವರ್ಷದಲ್ಲಿ ನಾನೂರು ದಾಟಿತು. ‘ಗುರುವಾರದ ಐದು’ ಪಟ್ಟಿಯಲ್ಲಿ ಹೆಸರು ಬಂದರೆ ಬ್ಯಾಂಡಿನವರು ಅಮ್ಮಂದಿರಿಗೆ ತೋರಿಸುತ್ತಿದ್ದರು. ಅವಳ ಮುಖ ನೋಡದವರೂ ಅವಳನ್ನು ಕಿವಿಯಕ್ಕ ಎಂದೇ ಕರೆದರು.

ಕಿವಿಯಕ್ಕನಿಗೊಂದು ನೇಮವಿತ್ತು. ಯಾವುದನ್ನೇ ಆಗಲಿ ಮೂರು ಸಲ ಪೂರ್ತಿ ಕೇಳದೆ ಬರೆಯಬಾರದು. ಮೊದಲನೆಯದು ಕೆಲಸ ಮಾಡುತ್ತಾ, ಎರಡನೆಯದು ನಡೆಯುತ್ತಾ, ಮೂರನೆಯದು ಕೈಕಟ್ಟಿ ಸುಮ್ಮನೆ ಕೂತು, ಮಧ್ಯೆ ಎಲ್ಲೂ ನಿಲ್ಲಿಸದೆ. ಈ ಮೂರನೆಯದೇ ಕಷ್ಟ. ಒಬ್ಬ ಹೆಂಗಸು ಅರ್ಧ ಗಂಟೆ ಏನೂ ಮಾಡದೆ ಕೂತರೆ ನೋಡಿದವರು ‘ಮೈಗೆ ಹುಷಾರಿಲ್ವಾ?’ ಎನ್ನುತ್ತಾರೆ.

ಮಗು ಹುಟ್ಟಿದ ಮೇಲೆ ನೇಮ ಸಡಿಲವಾಯಿತು. ಸಡಿಲ ಎಂಬುದು ಮರ್ಯಾದೆಯ ಮಾತು, ಬಿದ್ದೇ ಹೋಯಿತು. ಮಗುವಿಗೆ ನಲವತ್ತು ದಿನವಾಗಿದ್ದಾಗ ಒಂದು ಮಧ್ಯಾಹ್ನ ಹಾಲು ನೆತ್ತಿಗೇರಿ ತುಟಿ ನೀಲಿಯಾಯಿತು. ಅವಳು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು, ಎರಡೂ ಕಿವಿಯಲ್ಲಿ ಹಾಡು. ಅತ್ತೆ ನೋಡಿದರು. ಮಗುವನ್ನು ಮುಂಗೈ ಮೇಲೆ ಬೋರಲು ಹಾಕಿ ಬೆನ್ನು ತಟ್ಟಿದರು, ಮಗು ಅತ್ತಿತು, ಮುಗಿಯಿತು. ಡಾಕ್ಟರು ‘ಏನೂ ಆಗಿಲ್ಲ’ ಎಂದರು. ಆ ಮಾತನ್ನು ಅವಳ ತಲೆ ಕೇಳಿತು, ಹೊಟ್ಟೆ ಕೇಳಲಿಲ್ಲ. ಅಂದಿನಿಂದ ಬಲಗಿವಿ ಮಗುವಿಗೆ ಮೀಸಲು. ಹಾಡು ಏನಿದ್ದರೂ ಎಡಗಿವಿಗೆ, ಅದೂ ಬಾಟಲಿ ತೊಳೆಯುವಾಗ, ಮಗು ಮಲಗಿದ್ದಾಗ, ಒಂದು ಕಾಲು ತೊಟ್ಟಿಲ ಕಡೆ ಇಟ್ಟುಕೊಂಡೇ.

ಹೀಗೆ ಏಳು ತಿಂಗಳಾಯಿತು. ಆ ಬುಧವಾರ ಅವಳಿಗೆ ಸಿಕ್ಕ ಹೊಸ ಬ್ಯಾಂಡಿನ ಹೆಸರು ‘ಮೂರನೇ ಮಹಡಿ’. ಆರು ಹಾಡು, ಇಪ್ಪತ್ತೊಂಬತ್ತು ನಿಮಿಷ. ಗಿಟಾರ್ ಮತ್ತು ಡ್ರಮ್ ಒಂದಕ್ಕೊಂದು ಜಾಗ ಬಿಟ್ಟುಕೊಡುತ್ತಾ ಹೋಗುವ ರೀತಿ ಅವಳಿಗೆ ಹಿಡಿಸಿತು. ಆರನೆಯ ಹಾಡು ಶುರುವಾಗುವ ಹೊತ್ತಿಗೆ ಮಗು ಎದ್ದಿತು. ಸರಿ, ಐದು ಕೇಳಿದ್ದೇನಲ್ಲ ಎಂದುಕೊಂಡು ಬರೆದಳು: ‘ಈ ಬ್ಯಾಂಡಿನಲ್ಲಿ ಹಾಡುವವರಿಲ್ಲ. ಇಲ್ಲವಲ್ಲ ಎಂದು ಅನ್ನಿಸುವುದೂ ಇಲ್ಲ. ಗಿಟಾರ್ ಮತ್ತು ಡ್ರಮ್ ಎರಡೇ ಸಾಕು. ದನಿ ಬಂದಿದ್ದರೆ ಅಡ್ಡವೇ ಆಗುತ್ತಿತ್ತು.’ ಕೊನೆಯ ಸಾಲು ಬರೆದಾಗ ಸ್ವಲ್ಪ ಹೆಮ್ಮೆಯೂ ಆಯಿತು.

ಶುಕ್ರವಾರ ಫೋನ್ ಬಂತು.

“ಅಕ್ಕ, ನಾನು ಮೂರನೇ ಮಹಡಿಯ ಡ್ರಮ್ಮರ್. ಝೆರಾಕ್ಸ್ ಅಂಗಡಿ ಇಟ್ಟಿದ್ದೀನಿ.”

“ಹೇಳಿ ಹೇಳಿ. ನಿನ್ನೆ ಕಳ್ಸಿದ್ದು ಓದಿದ್ರಾ?”

“ಓದ್ದೆ.” ಅವನು ಗಂಟಲು ಸರಿಮಾಡಿಕೊಂಡ. “ನಮ್ಮಲ್ಲಿ ಹಾಡೋರಿದ್ದಾರೆ ಅಕ್ಕ.”

ಹಾಡುವವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವಾಕೆ. ಎರಡು ವರ್ಷದ ಹಿಂದೆ ಗಂಟಲಿನ ಗಡ್ಡೆ ತೆಗೆಸಿದ ಮೇಲೆ ದನಿಯೇ ಹೊರಟಿರಲಿಲ್ಲ. ಮೆಲ್ಲಮೆಲ್ಲನೆ ಬಂದದ್ದು ಅರ್ಧ. ಗಿಟಾರಿನ ಕೆಳಗೆ ಅದೂ ಹೂತುಹೋದೀತು ಎಂಬ ಭಯಕ್ಕೆ ‘ನನ್ನದನ್ನು ಬೇರೆ ಇಟ್ಟುಬಿಡಿ’ ಎಂದು ಕೇಳಿಕೊಂಡಿದ್ದಳು. ಹಾಗಾಗಿ ವಾದ್ಯವೆಲ್ಲ ಇಯರ್‌ಫೋನಿನ ಎಡಕ್ಕೆ, ದನಿ ಬಲಕ್ಕೆ ಬರುವಂತೆ ರೆಕಾರ್ಡ್ ಮಾಡಿದ್ದರು.

“ಬಲಕ್ಕೆ,” ಎಂದಳು ಕಿವಿಯಕ್ಕ. ಅವಳ ಕೈ ತಾನಾಗಿ ಬಲಗಿವಿಗೆ ಹೋಯಿತು.

“ಹೂಂ. ಭಾನುವಾರ ಸಂಜೆ ನಮ್ಮ ಮೊದಲ್ನೇ ಶೋ. ಅವಳು ಬರಲ್ಲ ಅಂತ ಕೂತಿದ್ದಾಳೆ. ‘ಕಿವಿಯಕ್ಕನಿಗೇ ಕೇಳಿಸ್ಲಿಲ್ಲ ಅಂದ್ರೆ ನಂಗೆ ದನಿ ವಾಪಸ್ ಬಂದೇ ಇಲ್ಲ, ನೀವೆಲ್ಲ ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಿದ್ದೀರ’ ಅಂತಾಳೆ.”

“ನಂದೇ ತಪ್ಪು. ಈಗ್ಲೇ ಫೋನ್ ಮಾಡಿ ಕ್ಷಮೆ ಕೇಳ್ತೀನಿ. ಎಲ್ಲರಿಗೂ ಬರೆದು ಕಳಿಸ್ತೀನಿ, ದನಿ ಇದೆ, ತುಂಬಾ ಚೆನ್ನಾಗಿದೆ ಅಂತ...”

“ಬೇಡ ಅಕ್ಕ. ಕೇಳ್ದೆ ಚೆನ್ನಾಗಿದೆ ಅಂದ್ರೆ ಅವಳಿಗೆ ಗೊತ್ತಾಗಿಬಿಡುತ್ತೆ. ನೀವು ಒಂದ್ಸಲ ಸರಿಯಾಗಿ ಕೇಳಿ. ಚೆನ್ನಾಗಿಲ್ಲ ಅನ್ನಿಸಿದ್ರೆ ಹಂಗೇ ಬರೀರಿ, ಪರವಾಗಿಲ್ಲ. ಇಲ್ಲ ಅಂತ ಮಾತ್ರ ಅನ್ಬೇಡಿ.”

ಫೋನಿಟ್ಟು ಅವಳು ಇಯರ್‌ಫೋನಿನ ಬಲಗಡೆಯದನ್ನು ಕಿವಿಗೆ ಹಾಕಿ ಮೊದಲ ಹಾಡು ಕೇಳಿದಳು. ಇತ್ತು. ಗಿಟಾರಿಲ್ಲ, ಡ್ರಮ್ಮಿಲ್ಲ, ಒಂದು ತೆಳ್ಳನೆಯ ದನಿ, ಕತ್ತಲ ಕೋಣೆಯಲ್ಲಿ ಗೋಡೆ ಸವರಿಕೊಂಡು ನಡೆಯುವವರ ಹಾಗೆ. ಮೊನ್ನೆ ಎಡದ ಅರ್ಧ ಕೇಳಿದ್ದಾಗಿತ್ತು, ಈಗ ಬಲದ ಅರ್ಧ. ಎರಡು ಅರ್ಧ ಕೂಡಿಸಿದರೆ ಒಂದು ಎಂಬುದು ಲೆಕ್ಕದ ಪುಸ್ತಕದಲ್ಲಿ ಸರಿ. ಹಾಡಿನಲ್ಲಿ ಅಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಸಂಜೆ ಕೈ ತೊಳೆಯುತ್ತಾ ಎಲ್ಲ ಕೇಳಿಸಿಕೊಂಡ. “ಫೋನಲ್ಲಿ ಒಂದು ಸೆಟ್ಟಿಂಗ್ ಇದೆಯಲ್ಲ, ಎರಡೂ ಕಡೆದನ್ನ ಸೇರ್ಸಿ ಒಂದೇ ಕಿವಿಗೆ ಕೊಡೋದು. ಹಾಕ್ಕೋ.”

“ಹಾಕ್ದೆ. ಆಕೆ ಹೆದರಿದ್ದು ಅದಕ್ಕೇ. ಗಿಟಾರ್ ಬಂದು ದನಿ ಮೇಲೆ ಕೂತುಬಿಡುತ್ತೆ.”

“ಹಾಗಾದ್ರೆ ಎರಡೂ ಕಿವಿಗೆ ಹಾಕ್ಕೊಂಡು ಕೇಳು. ಅರ್ಧ ಗಂಟೆ ಅಮ್ಮ ಮಗು ನೋಡ್ಕೋತಾರೆ.”

“ಅರ್ಧ ಗಂಟೇಲಿ ಏನು ಬೇಕಾದ್ರೂ ಆಗ್ಬಹುದು.”

“ಅರ್ಧ ಗಂಟೇಲಿ ನಾನು ಒಂದು ಬಸ್ಸಿನ ಬ್ರೇಕ್ ಬಿಚ್ಚಿ ಜೋಡಿಸ್ತೀನಿ,” ಎಂದ ಗಂಡ. ಇದು ಸಮಾಧಾನದ ಮಾತೋ ಹೆದರಿಸುವ ಮಾತೋ ಅವಳಿಗೆ ತಿಳಿಯಲಿಲ್ಲ.

ಅತ್ತೆ ಇರುವುದು ಪಕ್ಕದ ಬೀದಿಯಲ್ಲಿ, ದಿನಾ ಬರುತ್ತಾರೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರ್ ಆಗಿ ನಿವೃತ್ತರಾದವರು. ಮಗುವಿನ ಜೀವ ಉಳಿಸಿದವರು ಅವರೇ ಆದರೂ ಇದುವರೆಗೆ ಅವರೊಬ್ಬರ ಕೈಗೆ ಮಗುವನ್ನು ಬಿಟ್ಟು ಅವಳು ಹೊಸ್ತಿಲು ದಾಟಿರಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಹನ್ನೊಂದು ಸೂಚನೆಗಳ ಹಾಳೆ ಅಂಟಿಸಿದ್ದಳು. ಶನಿವಾರ ಮಧ್ಯಾಹ್ನ ಅವಳು ತಲೆ ತಗ್ಗಿಸಿ ವಿಷಯ ಹೇಳಿದಾಗ ಅತ್ತೆ ಕನ್ನಡಕ ಏರಿಸಿ ಆ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು.

“ಎಲ್ಲ ಬರ್ದಿದ್ದೀಯ. ಉಸಿರಾಡೋದು ಹೇಗೆ ಅಂತ ಒಂದು ಬಿಟ್ಟುಹೋಗಿದೆ ನೋಡು.”

“ಅತ್ತೆ, ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ.”

“ಇಲ್ಲ ಅಂತಾನೇ. ಇರ್ಲಿ ಬಿಡೆ, ನಂಗೂ ನಮ್ಮತ್ತೆ ಮೇಲೆ ಇರ್ಲಿಲ್ಲ. ಎಕ್ಸ್‌ಚೇಂಜಲ್ಲಿ ಒಂದು ಕಿವಿಗೆ ಹೆಡ್‌ಫೋನು, ಇನ್ನೊಂದು ಕಿವಿ ಮನೇಲಿ ಮಗುವಾಗಿದ್ದ ನಿನ್ನ ಗಂಡನ ಮೇಲೆ. ಅವನು ಮೂರು ಮೈಲಿ ದೂರ ಇದ್ದ, ಅದು ಬೇರೆ ಮಾತು. ಎಷ್ಟು ಜನಕ್ಕೆ ತಪ್ಪು ನಂಬರ್ ಜೋಡಿಸಿದೀನೋ ದೇವರಿಗೇ ಗೊತ್ತು.” ಅವರು ಮಗುವನ್ನು ಅವಳ ತೋಳಿನಿಂದ ತೆಗೆದುಕೊಂಡರು. “ಮನೇಲಿದ್ರೆ ನೀನು ಕೇಳಲ್ಲ, ಬಾಗಿಲ ಸಂದಿಲಿ ಇಣುಕ್ತಾ ಇರ್ತೀಯ. ಲ್ಯಾಬಿಗೆ ಹೋಗು.”

ಲ್ಯಾಬಿಗೆ ಹತ್ತು ನಿಮಿಷದ ದಾರಿ. ಶನಿವಾರ ಅರ್ಧ ದಿನ, ಯಾರೂ ಇರಲಿಲ್ಲ. ಹೆರಿಗೆ ರಜೆಗೆ ಹೋಗುವಾಗ ಯಜಮಾನರು ಬೀಗದ ಕೈ ವಾಪಸು ಕೇಳಿರಲಿಲ್ಲ. ಗೋಡೆಯುದ್ದಕ್ಕೂ ಹಲಗೆಯ ಮೇಲೆ ಪ್ಲಾಸ್ಟರಿನ ದವಡೆಗಳು, ಒಂದೊಂದಕ್ಕೂ ಪೆನ್ಸಿಲಿನಲ್ಲಿ ನಂಬರ್. ತನ್ನ ಸ್ಟೂಲಿನ ಮೇಲೆ ಕೂತು ಎರಡೂ ಕಿವಿಗೆ ಇಯರ್‌ಫೋನ್ ಹಾಕಿ ಮೊದಲ ಹಾಡು ಶುರುಮಾಡಿದಳು.

ಎರಡನೆಯ ಹಾಡಿನ ಮಧ್ಯೆ ಮಗು ಅತ್ತಂತಾಯಿತು. ಕಿತ್ತು ತೆಗೆದಳು. ರಸ್ತೆಯಲ್ಲಿ ಯಾರೋ ಸ್ಕೂಟರ್ ಬ್ರೇಕ್ ಹಾಕಿದ್ದರು. ಆದರೂ ಫೋನ್ ಮಾಡಿದಳು. ಗಂಟೆ ಹೊಡೆಯಿತು, ಹೊಡೆಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಇಲ್ಲ. ಚಪ್ಪಲಿ ಮೆಟ್ಟಿ, ಬೀಗ ಹಿಡಿದು ಬಾಗಿಲಿಗೆ ಬಂದವಳ ಕೈಯಲ್ಲೇ ಫೋನ್ ಮೊಳಗಿತು.

“ಏನೇ ನಿಂದು?” ಅತ್ತೆಯ ಪಿಸುಮಾತು. “ಮಗು ನನ್ನ ಬಲಗೈ ಮೇಲೆ ಮಲಗಿದೆ. ಫೋನು ಬಲಗಡೆ ಇದೆ. ಮೂಗಲ್ಲಿ ಒತ್ತಿ ಎತ್ಲಾ?”

“ಮಗು...”

“ಉಸಿರಾಡ್ತಿದೆ. ನಾನೂ ಆಡ್ತಿದೀನಿ. ಕೇಳು ಇಲ್ಲಿ. ಏನಾದ್ರೂ ಆದ್ರೆ ನಾನು ಫೋನ್ ಮಾಡ್ತೀನಿ. ಫೋನ್ ಬರ್ಲಿಲ್ಲ ಅಂದ್ರೆ ಏನೂ ಆಗಿಲ್ಲ. ನಮ್ಮ ಎಕ್ಸ್‌ಚೇಂಜ್ ನಡೀತಿದ್ದಿದ್ದೇ ಹಾಗೆ. ಲೈನ್ ಸರಿ ಇದ್ಯಾ ಅಂತ ನಿಮಿಷಕ್ಕೊಂದ್ಸಲ ಎಳೆದು ನೋಡಿದ್ರೆ ಲೈನೇ ಕಿತ್ತುಬರುತ್ತೆ. ಇಡು.”

ಅವಳು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಳು. ಮನೆಗೆ ಓಡಿದರೆ ಯಾರೂ ಬೈಯುವುದಿಲ್ಲ, ತಾಯಿ ಎಂದಮೇಲೆ ಹಾಗೇ ಎನ್ನುತ್ತಾರೆ. ಭಾನುವಾರ ಆ ಹಾಡುವವಳು ಶೋಗೆ ಹೋಗದೆ ಮನೆಯಲ್ಲೇ ಉಳಿಯುತ್ತಾಳೆ, ಅದನ್ನೂ ಯಾರೂ ಇವಳ ತಲೆಗೆ ಕಟ್ಟುವುದಿಲ್ಲ. ಅದೇ ಅವಳಿಗೆ ಚುಚ್ಚಿತು. ಚಪ್ಪಲಿ ಬಿಟ್ಟು ಒಳಗೆ ಬಂದಳು. ನಡುವೆ ನಿಂತದ್ದು ಲೆಕ್ಕಕ್ಕಿಲ್ಲ, ಆದ್ದರಿಂದ ಮೊದಲಿನಿಂದ ಹಾಕಿದಳು.

ಕೈಗೆ ಏನಾದರೂ ಬೇಕು ಬೇಕು ಎನ್ನಿಸುತ್ತಿತ್ತು, ಮಡಿಲಲ್ಲಿ ಬೆರಳು ಹೆಣೆದು ಕೂತಳು. ಎಡಗಡೆ ಗಿಟಾರ್ ನಡೆಯಿತು, ಬಲಗಡೆ ದನಿ. ಇಬ್ಬರೂ ಒಂದೇ ರಸ್ತೆಯ ಎರಡು ಬದಿಯಲ್ಲಿ ಹೋಗುತ್ತಿರುವ ಹಾಗೆ. ಒಬ್ಬರು ನಿಂತರೆ ಇನ್ನೊಬ್ಬರು ನಿಲ್ಲುತ್ತಿದ್ದರು. ಗಿಟಾರ್ ಜಾಗ ಬಿಡುತ್ತಿದ್ದದ್ದು ಡ್ರಮ್ಮಿಗಲ್ಲ, ಈ ದನಿಗೆ ಎಂದು ಈಗ ತಿಳಿಯಿತು. ನಾಲ್ಕನೆಯ ಹಾಡಿನಲ್ಲಿ ದನಿ ಮೇಲೆ ಹತ್ತಲು ಹೋಗಿ ಒಡೆಯಿತು. ಒಡೆದ ದನಿ ನಿಲ್ಲಲಿಲ್ಲ, ಒಡೆದುಕೊಂಡೇ ಸಾಲು ಮುಗಿಸಿತು. ಆರನೆಯ ಹಾಡು, ಅವಳು ಕೇಳಿಯೇ ಇರದ ಹಾಡು, ಅದರಲ್ಲಿ ದನಿ ಬಲಗಿವಿಯಿಂದ ಹೊರಟು ಸ್ವಲ್ಪ ಸ್ವಲ್ಪವೇ ಸರಿದು, ರಸ್ತೆ ದಾಟುವವರ ಹಾಗೆ ಆಚೀಚೆ ನೋಡಿ, ಸರಿಯಾಗಿ ತಲೆಯ ನಟ್ಟನಡುವೆ ಬಂದು ನಿಂತಿತು. ಗಿಟಾರೂ ಅಲ್ಲಿಗೇ ಬಂತು. ಹೂತುಹೋಗಲಿಲ್ಲ.

ಹಾಡು ಮುಗಿದ ಮೇಲೂ ಅವಳು ಎದ್ದಿರಲಿಲ್ಲ. ಇಪ್ಪತ್ತೊಂಬತ್ತು ನಿಮಿಷ ಮಗುವಿನ ನೆನಪೇ ಬಂದಿರಲಿಲ್ಲ ಎಂದು ಹೊಳೆದಾಗ ಒಂದು ಕ್ಷಣ ಭಯವಾಯಿತು, ಆಮೇಲೆ ನಗು ಬಂತು. ಫೋನ್ ಬಂದಿರಲಿಲ್ಲ. ಅಲ್ಲೇ ಕೂತು ಬರೆದಳು.

‘ಗುರುವಾರ ಬರೆದದ್ದು ತಪ್ಪು. ಮೂರನೇ ಮಹಡಿಯನ್ನು ನಾನು ಒಂದೇ ಕಿವಿಯಲ್ಲಿ ಕೇಳಿದ್ದೆ, ಆರನೆಯ ಹಾಡನ್ನು ಕೇಳಿಯೇ ಇರಲಿಲ್ಲ. ಬ್ಯಾಂಡಿನಲ್ಲಿ ಹಾಡುವವರಿದ್ದಾರೆ. ದನಿ ದೊಡ್ಡದಲ್ಲ. ಎರಡನೆಯ ಹಾಡಿನಲ್ಲಿ ಮಾತು ಸ್ಪಷ್ಟವಿಲ್ಲ. ನಾಲ್ಕರಲ್ಲಿ ಒಡೆಯುತ್ತದೆ, ಒಡೆದ ಮೇಲೂ ಹಾಡುತ್ತದೆ, ಆ ಜಾಗಕ್ಕೆ ನಾನು ಇನ್ನೂ ಹತ್ತು ಸಲ ಹೋಗುತ್ತೇನೆ. ಎರಡೂ ಕಿವಿಗೆ ಹಾಕಿಕೊಂಡು ಕೇಳಿ. ನಡುವೆ ಏಳಬೇಡಿ.’

ನಾನೂರು ಜನರಿಗೆ ಶನಿವಾರ ಸಂಜೆಯೇ ಹೋಯಿತು. ಮರುದಿನ ಬೆಳಗ್ಗೆ ಮಗುವಿಗೆ ಸ್ನಾನ ಮಾಡಿಸಿ ಒರೆಸುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್. ದನಿ ಕೇಳಿದ ಕೂಡಲೇ ಯಾರೆಂದು ತಿಳಿಯಿತು.

“ಅಕ್ಕ, ನಾಲ್ಕರಲ್ಲಿ ಒಡೆಯುತ್ತೆ ಅಂತ ಬರ್ದಿದ್ದೀರ.”

“ಹೂಂ. ಬೇಜಾರಾಯ್ತಾ?”

“ಆರರಲ್ಲೂ ಒಡೆಯುತ್ತೆ. ಅದನ್ನ ಯಾಕೆ ಬರೀಲಿಲ್ಲ?”

“ಅದು ಒಡೆದಿದ್ದು ಅಂತ ನಂಗೆ ಅನ್ನಿಸ್ಲೇ ಇಲ್ಲ. ಬೇಕಂತ್ಲೇ ಹಾಡಿದೀರ ಅನ್ಕೊಂಡೆ.”

ಆ ಕಡೆ ಇಸ್ತ್ರಿ ಯಂತ್ರ ಬುಸ್ಸೆಂದಿತು, ಆಕೆಗೆ ಭಾನುವಾರವೂ ಬೆಳಗಿನ ಪಾಳಿ.

“ಎರಡನೇದ್ರಲ್ಲಿ ಮಾತು ಸ್ಪಷ್ಟ ಇಲ್ಲ, ನಿಜ,” ಎಂದಳು ಆಕೆ. “ಇವತ್ತು ಸ್ವಲ್ಪ ನಿಧಾನ ಮಾಡಿ ಹೇಳ್ಬೇಕು. ಶೋಗೆ ಮುಂಚೆ ನಾಲ್ಕು ಗಂಟೆಗೆ ಸೌಂಡ್ ಚೆಕ್ ಇದೆ. ಬರ್ತೀರಾ? ನಿಮ್ಮ ಮಗು ದನಿ ಕೇಳಿಸ್ತಿದೆ, ಸದ್ದಿಗೆ ಹೆದರುತ್ತೇನೋ.”

ಕಿವಿಯಕ್ಕ ಟವೆಲಿನೊಳಗಿನ ಮುಖ ನೋಡಿದಳು. ಹೆದರುವುದು ಯಾರೆಂದು ಅವಳಿಗೆ ಗೊತ್ತಿತ್ತು. “ಮಗು ಅಜ್ಜಿ ಹತ್ರ ಇರುತ್ತೆ,” ಎಂದಳು. “ನಾನೊಬ್ಬಳೇ ಬರ್ತೀನಿ.”

ಝೆರಾಕ್ಸ್ ಅಂಗಡಿಯ ಮೇಲಿನ ಉದ್ದನೆಯ ಹಾಲಿನಲ್ಲಿ ನಾಲ್ಕು ಗಂಟೆಗೆ ಕುರ್ಚಿಗಳನ್ನು ಇನ್ನೂ ಬಿಡಿಸಿರಲಿಲ್ಲ. ಬಿಳಿ ಸ್ಕಾರ್ಫ್ ಸುತ್ತಿಕೊಂಡ ಹೆಂಗಸೊಬ್ಬಳು ಮೈಕಿನ ಮುಂದೆ ನಿಂತು ಎರಡನೆಯ ಹಾಡು ಎತ್ತಿದಳು. ಗಿಟಾರಿನವನಿಗೆ ಹುರುಪು, ನಾಲ್ಕು ಸಾಲಾಗುವಷ್ಟರಲ್ಲಿ ಆಕೆಯ ತುಟಿ ಆಡುವುದಷ್ಟೇ ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಹಾಲಿನ ಕೊನೆಯಲ್ಲಿ ನಿಂತಿದ್ದ ಕಿವಿಯಕ್ಕ ಕೈ ಎತ್ತಿದಳು.

“ಗಿಟಾರ್ ಕಡಿಮೆ ಮಾಡಪ್ಪ. ಇಲ್ಲಿಗೆ ನೀನೊಬ್ಬನೇ ಕೇಳಿಸ್ತಿದೀಯ.”

“ಇದಕ್ಕಿಂತ ಕಡಿಮೆ ಮಾಡಿದ್ರೆ ನಾನು ಯಾಕೆ ಇರ್ಬೇಕು ಅಕ್ಕ?” ಎಂದು ಗೊಣಗುತ್ತಲೇ ಅವನು ತಿರುಗಣೆಯನ್ನು ಅರ್ಧ ಸುತ್ತು ತಿರುಗಿಸಿದ.

ಹಾಡುವವಳು ಸ್ಕಾರ್ಫ್ ಸಡಿಲಿಸಿ ಒಂದು ಗುಟುಕು ನೀರು ಕುಡಿದು, ಹಾಡನ್ನು ಮತ್ತೆ ಮೊದಲಿನಿಂದ ಎತ್ತಿದಳು.