ಪೋರ್ಟಿಕೋ ಮೇಲಿನ ಸುತ್ತಿಗೆ

ದೆವ್ವದ ಕಥೆ ಕೇಳಿದರೆ ನಗುವವನು ನಾನು. ಆದರೂ ಇದು ನನಗೇ ಆದದ್ದು, ಒಂದಕ್ಷರವೂ ಸೇರಿಸಿ ಹೇಳುತ್ತಿಲ್ಲ.

ನನ್ನ ಕೆಲಸ ಹಳೆಯ ಕಾಂಕ್ರೀಟ್ ಕಟ್ಟಡಗಳ ದುರಸ್ತಿ. ಬೆಂಗಳೂರಿನಲ್ಲಿ ಅರವತ್ತರ ದಶಕದ ಆಫೀಸು, ಥಿಯೇಟರುಗಳನ್ನೆಲ್ಲ ಸರಿ ಮಾಡಿದ ನನ್ನನ್ನು ಬಾಳೂರಿನ ಗುಡ್ಡದ ಮೇಲಿನ ಪ್ಲಾಂಟರುಗಳ ಕ್ಲಬ್ಬಿಗೆ ಕರೆಸಿದ್ದರು. ಅದೂ ಆ ಕಾಲದ್ದೇ. ಅದರ ಪೋರ್ಟಿಕೋ ಚೆಂದವೋ ಚೆಂದ: ಹದಿನೆಂಟು ಅಡಿ ಕಾಂಕ್ರೀಟ್ ಚಪ್ಪಡಿ, ಮುಂದೆ ಒಂದು ಕಂಬವೂ ಇಲ್ಲದೆ ಚಾಚಿಕೊಂಡಿದೆ. ನಾವು ಅದಕ್ಕೆ ತಾತ್ಕಾಲಿಕವಾಗಿ ಕಬ್ಬಿಣದ ಆಸರೆ ಕೊಟ್ಟಿದ್ದೆವು. ದುರಸ್ತಿ ಮುಗಿದಿತ್ತು, ಮಾರನೆಯ ಬೆಳಿಗ್ಗೆ ಅದನ್ನು ತೆಗೆಯಬೇಕು. ತೆಗೆಯುವ ಐದು ಜನ ಚಪ್ಪಡಿಯ ಕೆಳಗೇ ನಿಲ್ಲಬೇಕು. ತೆಗೆಯಬಹುದು ಎನ್ನುವ ಕಾಗದಕ್ಕೆ ಸಹಿ ನನ್ನದು.

ಕಾಂಕ್ರೀಟನ್ನು ಸುತ್ತಿಗೆಯಿಂದ ತಟ್ಟಿ ಕೇಳುತ್ತೇವೆ. ಗಟ್ಟಿಯಿದ್ದರೆ ಟಣ್ ಎನ್ನುತ್ತದೆ, ಒಳಗೆ ಪೊಳ್ಳಾಗಿದ್ದರೆ ಡಬ್. ಈ ವಿಷಯದಲ್ಲಿ ನನ್ನ ಕಿವಿಯ ಬಗ್ಗೆ ನನಗೆ ತುಸು ಜಂಬ.

ಸಂಜೆ ಏಳಾಗಿತ್ತು. ಕೆಲಸದವರು ಹೋಗಿಯಾಗಿತ್ತು, ಕರೆಂಟಿರಲಿಲ್ಲ. ಹಣೆಗೆ ಟಾರ್ಚ್ ಕಟ್ಟಿಕೊಂಡು, ಮೇಜಿನ ಮೇಲೆ ನಿಂತು ಚಪ್ಪಡಿಯ ತಳದ ಕೊನೆಯ ಸಾಲನ್ನು ತಟ್ಟುತ್ತಿದ್ದೆ. ಟಣ್... ಟಣ್... ಎಲ್ಲ ಸರಿಯಿತ್ತು.

ಗೋಡೆಯ ಪಕ್ಕದ ಮೂಲೆಗೆ ಬಂದೆ. ಟಣ್. ತಕ್ಷಣ ಅದೇ ಜಾಗದಲ್ಲಿ, ಚಪ್ಪಡಿಯ ಮೇಲಿನಿಂದ ಇನ್ನೊಂದು ಪೆಟ್ಟು ಬಿತ್ತು... ಡಬ್.

ಮೇಸ್ತ್ರಿ ಶೀನಪ್ಪ ಇರಬೇಕೆಂದು ಕೂಗಿದೆ. ಆಗ ವಾಸನೆ ಬಂತು, ಈಗಷ್ಟೇ ಕಲಸಿದ ಸಿಮೆಂಟಿನ ಹಸಿ ವಾಸನೆ. ಅಂದು ನಾವು ಒಂದು ಬಾಂಡ್ಲಿ ಸಿಮೆಂಟನ್ನೂ ಕಲಸಿರಲಿಲ್ಲ.

ಮತ್ತೆ ಮೆಲ್ಲಗೆ... ಡಬ್, ಡಬ್. ದಡ್ಡನಿಗೆ ಮಗ್ಗಿ ಹೇಳಿಕೊಡುವವರಷ್ಟು ತಾಳ್ಮೆಯಿಂದ.

ಹೊರಗೆ ಓಡಿದೆ. ಮೇಲೆ ಹತ್ತಲು ಇದ್ದ ಒಂದೇ ಏಣಿ ಹುಲ್ಲಿನ ಮೇಲೆ ಮಲಗಿತ್ತು. ಎದುರಿನ ದಿಬ್ಬ ಹತ್ತಿ ಟಾರ್ಚ್ ಬಿಟ್ಟು ನೋಡಿದರೆ ಚಪ್ಪಡಿಯ ಮೇಲೆ ಯಾರೂ ಇಲ್ಲ. ಶೀನಪ್ಪನಿಗೆ ಫೋನ್ ಮಾಡಿದೆ. ಆತ ಕಳಸದಲ್ಲಿ ತನ್ನ ಮನೆಯಲ್ಲಿದ್ದ. ನಡೆದದ್ದನ್ನು ಹೇಳಿದೆ.

"ಈಗ ಅದರ ಅಡಿಗೆ ಹೋಗ್ಬೇಡಿ ಮಾರಾಯ್ರೆ," ಎಂದ ಸಣ್ಣ ದನಿಯಲ್ಲಿ. "ನಾಳೆ ಆ ಮೂಲೆ ಒಡೆದು ನೋಡುವ. ಆಮೇಲೆ ಆಸರೆ ತೆಗೆಯುವ."

ಬೆಳಿಗ್ಗೆ ಮೇಲಿನಿಂದ ಒಡೆದೆವು. ಚಾಚಿದ ಚಪ್ಪಡಿಯ ಜೀವವೆಲ್ಲ ಅದರ ಮೇಲ್ಭಾಗದ ಸರಳುಗಳಲ್ಲಿರುತ್ತದೆ. ಪಾಚಿ ಜಾರುತ್ತದೆಂದು ನಾನು ಮೇಲೆ ಹತ್ತದೆ ಕೆಳಗಿನಿಂದಷ್ಟೇ ತಟ್ಟಿದ್ದೆ. ಸರಳುಗಳು ತುಕ್ಕು ಹಿಡಿದು ಶೀನಪ್ಪನ ಬೆರಳುಗಳ ನಡುವೆ ಪುಡಿಯಾದವು. ಆಸರೆ ತೆಗೆದಿದ್ದರೆ ಚಪ್ಪಡಿ ಕುಸಿದು ಐದೂ ಜನ ಅದರಡಿ ಸಿಕ್ಕಿಬೀಳುತ್ತಿದ್ದರು.

ಹೇಗೆ ಗೊತ್ತಾಯಿತೆಂದು ಕ್ಲಬ್ಬಿನವರು ಕೇಳಿದರು. ಅನುಭವ ಎಂದೆ. ಶೀನಪ್ಪ ನನ್ನ ಮುಖ ನೋಡಲಿಲ್ಲ.

ಆಮೇಲೆ ಬೆಂಗಳೂರಿನಲ್ಲಿ ಮೂರು ಕಟ್ಟಡಗಳಿಗೆ ಸಹಿ ಹಾಕಿದ್ದೇನೆ. ಪ್ರತಿ ಸಲವೂ ಎಲ್ಲರೂ ಹೋದ ಮೇಲೆ ಕಿವಿಗೊಟ್ಟು ಕಾಯುತ್ತೇನೆ. ಇದುವರೆಗೆ ಯಾರೂ ತಟ್ಟಿಲ್ಲ. ಎಲ್ಲ ಗಟ್ಟಿಯಿದೆ ಎಂದೋ, ಇಲ್ಲಾ ಅಲ್ಲಿ ಹೇಳುವವರೇ ಇಲ್ಲವೆಂದೋ... ಅದು ಗೊತ್ತಾಗದೆ ನನಗೆ ನಿದ್ದೆ ಬರುತ್ತಿಲ್ಲ.