ಮರುಮದುವೆ ಆಗಿಲ್ಲ ತಾನೇ?

ಸತ್ಯಭಾಮಾ ಒಂದು ಕಾಲದಲ್ಲಿ ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಮಗಳು ಸಂಹಿತಾ ಹುಟ್ಟಿದ ವರ್ಷವೇ ಅದೇ ಇಲಾಖೆಯಲ್ಲಿದ್ದ ಗಂಡನಿಗೆ ರಾಯಚೂರಿಗೆ ವರ್ಗವಾಯಿತು. ಮಗು ನೋಡಿಕೊಳ್ಳಲು ಇಬ್ಬರಲ್ಲೊಬ್ಬರು ಕೆಲಸ ಬಿಡಬೇಕಿತ್ತು. ಯಾರು ಬಿಡಬೇಕೆಂಬ ಚರ್ಚೆಯೇ ಆಗಲಿಲ್ಲ. ಸತ್ಯಭಾಮಾ ರಾಜೀನಾಮೆ ಬರೆದುಕೊಟ್ಟರು. ಗಂಡ ತೀರಿಕೊಂಡ ಮೇಲೆ ಆತನ ಸೇವೆಯ ಲೆಕ್ಕದಲ್ಲಿ ಕುಟುಂಬ ಪಿಂಚಣಿ ಬರತೊಡಗಿತು. ಜಯನಗರದ ಬಾಡಿಗೆ ಮನೆ, ಬಿಪಿ ಮಾತ್ರೆ, ಎಲ್ಲವೂ ಅದರಲ್ಲೇ ನಡೆಯುತ್ತಿತ್ತು.

ಕಳೆದ ಶ್ರಾವಣದಲ್ಲಿ, ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಮತ್ತೆ ಮದುವೆಯಾದರು. ವರ ಶಾಮಣ್ಣ, ಹೆಂಡತಿಯನ್ನು ಕಳೆದುಕೊಂಡಿದ್ದ ನಿವೃತ್ತ ಎಂಜಿನಿಯರು. ಯೋಗ ತರಗತಿಯಲ್ಲಿ ಪರಿಚಯವಾದವರು. ಬನಶಂಕರಿಯ ಸಣ್ಣ ದೇವಸ್ಥಾನದಲ್ಲಿ ಹಾರ ಬದಲಾಯಿಸಿದಾಗ ಸಂಹಿತಾ ಮತ್ತು ಪುರೋಹಿತರಷ್ಟೇ ಇದ್ದರು. ನೆಂಟರಿಗೆ ನಿಧಾನವಾಗಿ ಹೇಳೋಣವೆಂದುಕೊಂಡಿದ್ದರು.

ನವೆಂಬರಿನಲ್ಲಿ ಇಬ್ಬರೂ ಬ್ಯಾಂಕಿಗೆ ಹೋದರು. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ತೋರಿಸಬೇಕು. ಶಾಮಣ್ಣ ಯಂತ್ರದ ಮೇಲೆ ಬೆರಳೊತ್ತಿ ಎದ್ದುಬಂದರು. ಸತ್ಯಭಾಮಾ ಕುಳಿತಾಗ ಕೌಂಟರಿನ ಹುಡುಗಿ ಅರ್ಪಿತ ಇನ್ನೊಂದು ಹಾಳೆ ಮುಂದಿಟ್ಟಳು.

"ಆಂಟಿ, ನಿಮ್ದು ಫ್ಯಾಮಿಲಿ ಪೆನ್ಷನ್ ಅಲ್ವಾ? ಮರುಮದುವೆ ಆಗಿಲ್ಲ ತಾನೇ? ಟಿಕ್ ಮಾಡ್ಲಾ?" ಎಂದು ನಕ್ಕಳು.

ಸತ್ಯಭಾಮಾ ಹಾಳೆಯ ಕಡೆ ನೋಡಿದರು. ಹಿಂದೆ ಸಾಲು ನಿಂತಿತ್ತು. ಯಾರೋ ಕೆಮ್ಮಿದರು. ಅವರು ಬಾಯಿ ತೆರೆಯುವ ಮೊದಲೇ ಬೆನ್ನ ಹಿಂದಿನಿಂದ ಶಾಮಣ್ಣನ ದನಿ ಬಂತು.

"ಇಲ್ಲಮ್ಮ, ಆಗಿಲ್ಲ. ಟಿಕ್ ಮಾಡಿ."

ಸತ್ಯಭಾಮಾ ತಿರುಗಿ ನೋಡಿದರು. ಶಾಮಣ್ಣ ಕಣ್ಣು ತಪ್ಪಿಸಿದರು.

"ಒಂದ್ನಿಮಿಷ," ಎಂದರು ಸತ್ಯಭಾಮಾ. "ಆಗಿದೀನಿ. ಇವರನ್ನೇ."

ಸಾಲಿನಲ್ಲಿದ್ದವರು ಕತ್ತು ಚಾಚಿದರು. ಅರ್ಪಿತ ಮುಂದೆ ಬಾಗಿ ಮೆಲ್ಲಗೆ ಹೇಳಿದಳು: "ಆಂಟಿ, ಹಾಗಂತ ಬರೆದ್ಕೊಟ್ರೆ ಪೆನ್ಷನ್ ನಿಂತೋಗತ್ತೆ. ಮದುವೆ ಆದಾಗಿಂದ ಬಂದಿರೋದನ್ನೂ ವಾಪಸ್ ಕೇಳ್ತಾರೆ. ಹಾಳೆ ಮನೆಗೆ ತಗೊಂಡೋಗಿ. ತಿಂಗಳ ಕೊನೆವರೆಗೂ ಟೈಮಿದೆ."

ಆಟೋ ಹಿಡಿದು ಮನೆಗೆ ಬಂದರು. ಬಾಗಿಲು ಹಾಕಿದ ಮೇಲೆ ಶಾಮಣ್ಣನೇ ಶುರು ಮಾಡಿದರು.

"ನಿನ್ನ ದುಡ್ಡು ಹೋಗಬಾರ್ದು ಅಂತ ಹೇಳ್ದೆ ಸತ್ಯಾ. ಅದರಲ್ಲಿ ನಂಗೇನು ಲಾಭ?"

"ನಾಲ್ಕು ಜನರ ಮುಂದೆ ನಾನು ನಿಮಗೆ ಯಾರೂ ಅಲ್ಲ ಅಂದ್ರಿ. ಇರ್ಲಿ. ನೀವೂ ಮದುವೆ ಆಗಿದೀರಲ್ಲ, ನಿಮ್ಮನ್ನ ಯಾಕೆ ಆ ಪ್ರಶ್ನೆ ಕೇಳ್ಲಿಲ್ಲ?"

"ನಂದು ನಾನು ದುಡಿದಿದ್ದಕ್ಕೆ ಬರೋ ಪೆನ್ಷನ್. ಅದಕ್ಕೂ ಮದುವೆಗೂ ಏನು ಸಂಬಂಧ?"

ಹೇಳಿದ ಕೂಡಲೇ ಅವರಿಗೆ ತಾವಾಡಿದ ಮಾತಿನ ಅರ್ಥ ಹೊಳೆಯಿತು. ಆದರೆ ಮಾತು ಹೊರಬಿದ್ದಾಗಿತ್ತು.

"ನಾನೂ ದುಡೀತಿದ್ದೆ ಕಣ್ರೀ," ಎಂದರು ಸತ್ಯಭಾಮಾ. "ಬಿಡಿಸಿದ್ರು. ಬಿಡದೇ ಇದ್ದಿದ್ರೆ ನನ್ನ ಪೆನ್ಷನ್ನೂ ನಂದೇ ಆಗಿರ್ತಿತ್ತು."

ಮುಂದಿನ ಮೂರು ವಾರ ಮನೆಯಲ್ಲಿ ಊಟಕ್ಕೆ ಕರೆಯುವಷ್ಟೇ ಮಾತು. ಸಂಹಿತಾ ಫೋನಿನಲ್ಲಿ ಬೇಡಿಕೊಂಡಳು: "ಅಮ್ಮಾ, ಸುಮ್ನೆ ಸೈನ್ ಮಾಡು. ಎಷ್ಟೋ ಜನ ಮಾಡ್ತಾರೆ." ಸುಳ್ಳು ಬರೆದು ಸಿಕ್ಕಿಬಿದ್ದರೆ ಕೇಸಾಗಬಹುದೆಂಬ ಭಯ ಸತ್ಯಭಾಮಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಪ್ರತಿ ನವೆಂಬರಿನಲ್ಲೂ ಈ ಮದುವೆಯನ್ನು ಅಲ್ಲಗಳೆಯುತ್ತ ಬದುಕುವುದು ಅವರಿಂದಾಗುತ್ತಿರಲಿಲ್ಲ. ತಿಂಗಳ ಕೊನೆಗೆ ಒಬ್ಬರೇ ಹೋಗಿ ನಿಜ ಬರೆದುಕೊಟ್ಟರು. ಅರ್ಪಿತ ಮುದ್ರೆ ಒತ್ತುವ ಮುನ್ನ ಮತ್ತೊಮ್ಮೆ ಮುಖ ನೋಡಿದಳು. ಅವರು ತಲೆಯಾಡಿಸಿದರು.

ಪಿಂಚಣಿ ನಿಂತಿತು. ಹಿಂತಿರುಗಿಸಬೇಕಾದ ಹಣವನ್ನು ತಾವೇ ಕಟ್ಟುವುದಾಗಿ ಶಾಮಣ್ಣ ಎಷ್ಟು ಹೇಳಿದರೂ ಸತ್ಯಭಾಮಾ ಒಪ್ಪಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಉಪನೋಂದಣಿ ಕಚೇರಿಯ ಎದುರು ಕ್ರಯಪತ್ರ ಬರೆಯುವ ಚಿನ್ನಪ್ಪನ ಅಂಗಡಿಯಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದರು. ಮೊದಲ ವಾರ ಕಂಪ್ಯೂಟರಿನ ಮುಂದೆ ಬೆವರಿದರು. ಆಮೇಲೆ ಬೆರಳುಗಳು ಹದಕ್ಕೆ ಬಂದವು.

ತಮ್ಮ ಕಾಲಾನಂತರ ಪಿಂಚಣಿ ಸತ್ಯಭಾಮಾಗೆ ಸಿಗಲೆಂದು ಶಾಮಣ್ಣ ತಮ್ಮ ಹಳೆಯ ಕಚೇರಿಗೆ ಅರ್ಜಿ ಕೊಟ್ಟುಬಂದು ತಿಳಿಸಿದರು. "ಅದೂ ನೀವು ಹೋದಮೇಲೆ ಬರೋದು," ಎಂದು ಆಕೆ ಚೀಲ ಹೆಗಲಿಗೇರಿಸಿದರು. ಬೆಳಗಿನ ಅಡುಗೆ ಈಗ ಶಾಮಣ್ಣನದು. ಇಬ್ಬರ ನಡುವೆ ಮಾತು ಮರಳಿದೆ, ಆದರೆ ಮೊದಲಿನಂತಲ್ಲ.